ನಕ್ಷತ್ರದ್ದಲ್ಲದ್ದು

ನನ್ನ ಅಣ್ಣನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು 'ಕಳೆಯೋದು' ಎನ್ನುತ್ತಿದ್ದೆ. ಜನ ನಗುತ್ತಿದ್ದರು. ಅವನೂ ನಗುತ್ತಿದ್ದ, ಯಾಕೆಂದರೆ ಅದು ಸುಳ್ಳಲ್ಲ. ಈಗ ಪತ್ರಿಕೆಯವರು ಅವನ ಬಗ್ಗೆ ಬಾಯಿಗೆ ಬಂದ ಹಾಗೆ ಬರೆದಿದ್ದಾರೆ. ಒಬ್ಬರಿಗೆ ಅವನು ದೇವರಂಥ ಮನುಷ್ಯ, ಇನ್ನೊಬ್ಬರಿಗೆ ಮೂರು ಜನರ ಸಾವಿಗೆ ಕಾರಣನಾದವನು. ಇಬ್ಬರೂ ಅವನನ್ನು ನೋಡಿದವರಲ್ಲ. ಒಂದೇ ತಟ್ಟೆಗೆ ಕೈ ಹಾಕಿ ಜಗಳವಾಡಿ ಬೆಳೆದವಳು ನಾನು. ಅವನ ವಿಷಯ ಹೇಳುವುದಿದ್ದರೆ ನಾನೇ ಹೇಳಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವುದನ್ನು ಕೇಳುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ಗುಡ್ಡದ ನೆತ್ತಿಯ ಮೇಲೆ ವೀಕ್ಷಣಾಲಯವಿದೆ. ಅಲ್ಲಿನ ದೂರದರ್ಶಕ ಹಿಡಿದ ನಕ್ಷತ್ರದ ಬೆಳಕು ಒಂದು ಕೇಬಲ್ಲಿನಲ್ಲಿ ಹಾದು ನೆಲಮಾಳಿಗೆಗೆ ಇಳಿಯುತ್ತದೆ. ಅಲ್ಲಿ, ಗಾಳಿಯನ್ನೆಲ್ಲ ಹೀರಿ ತೆಗೆದ ದೊಡ್ಡ ಉಕ್ಕಿನ ಪೆಟ್ಟಿಗೆಯೊಳಗೆ, ಅದು ಬಣ್ಣ ಬಣ್ಣವಾಗಿ ಸೀಳಿಕೊಳ್ಳುತ್ತದೆ. ಬಣ್ಣಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆಗಳಿರುತ್ತವೆ. ಆ ನಕ್ಷತ್ರದ ಸುತ್ತ ಗ್ರಹವೊಂದು ತಿರುಗುತ್ತಿದ್ದರೆ ಗೆರೆಗಳು ಚೂರೇ ಚೂರು ಆಚೆಗೂ ಈಚೆಗೂ ಸರಿಯುತ್ತವೆ. ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ಸುತ್ತಿಸುವಾಗ ಸುತ್ತಿಸುವವರೂ ಒಂದಿಷ್ಟು ವಾಲುತ್ತಾರಲ್ಲ, ಹಾಗೆ ಗ್ರಹದ ಎಳೆತಕ್ಕೆ ನಕ್ಷತ್ರವೂ ವಾಲುತ್ತದೆ. ಗ್ರಹ ಕಣ್ಣಿಗೆ ಬೀಳುವುದಿಲ್ಲ. ನಕ್ಷತ್ರ ಎಷ್ಟು ವಾಲಿತು ಎಂದು ನೋಡಿ ಗ್ರಹದ ತೂಕ ಹೇಳುತ್ತಾರೆ. ಇಷ್ಟನ್ನು ನನ್ನ ತಲೆಗೆ ಹೊಗಿಸಲು ಅಣ್ಣ ಪಟ್ಟ ಪಾಡು ಅವನಿಗೇ ಗೊತ್ತು.

ತೊಂದರೆ ಏನೆಂದರೆ, ಅಲುಗಾಡುವುದು ನಕ್ಷತ್ರ ಒಂದೇ ಅಲ್ಲ. ಭೂಮಿ ತಿರುಗುತ್ತದೆ, ಸೂರ್ಯನ ಸುತ್ತ ಓಡುತ್ತದೆ. ನೆಲಮಾಳಿಗೆಯ ಪಂಪು ನಡುಗುತ್ತದೆ. ಕೋಣೆ ಎಳ್ಳಷ್ಟು ಬೆಚ್ಚಗಾದರೂ ಉಕ್ಕು ಹಿಗ್ಗುತ್ತದೆ. ಎಲ್ಲೋ ಯಾರೋ ಬಾಗಿಲು ಬಡಿಯುತ್ತಾರೆ. ಇವೆಲ್ಲವೂ ಗೆರೆಗಳನ್ನು ಸರಿಸುತ್ತವೆ. ಅವುಗಳಲ್ಲಿ ನಕ್ಷತ್ರದ್ದಲ್ಲದ್ದನ್ನೆಲ್ಲ ಹುಡುಕಿ ಹುಡುಕಿ ಕಳೆಯುವುದು ಅಣ್ಣನ ಕೆಲಸ. ಅವನು ಬರೆದ ಕಂಪ್ಯೂಟರ್ ಪ್ರೋಗ್ರಾಮುಗಳಿಗೆ ಅಲ್ಲಿನವರು ಜರಡಿ ಎನ್ನುತ್ತಿದ್ದರು, ಅವನಿಗೆ ಜರಡಿ ಸಾಹೇಬ. ಕಸವೆಲ್ಲ ಹೋದ ಮೇಲೆ ಉಳಿದ ಚುಕ್ಕೆಗಳು ಅಲೆಯ ಹಾಗೆ ಸಾಲಾಗಿ ನಿಂತರೆ ಅದು ಗ್ರಹ. ಅಂಥ ದಿನ ಅವನು ಕ್ಯಾಂಟೀನಿಗೆ ಬಂದು ಎರಡು ಲೋಟ ಚಹಾ ಕುಡಿಯುತ್ತಿದ್ದ.

ಕ್ಯಾಂಟೀನು ನಡೆಸುತ್ತಿದ್ದವಳು ನಾನು. ನೆತ್ತಿಯಿಂದ ಸ್ವಲ್ಪ ಕೆಳಗೆ, ಇಳಿಜಾರನ್ನು ಕಡಿದು ಸಿಬ್ಬಂದಿಯ ಮನೆಗಳನ್ನು ಒಂದೇ ಸಾಲಾಗಿ ಕಟ್ಟಿದ್ದರು. ಸಾಲಿನ ತುದಿಯ ಮನೆ ಅಣ್ಣನದು. ಅಲ್ಲಿ ಅಣ್ಣ, ಅತ್ತಿಗೆ, ಅವರ ಮಗಳು ಪುಟ್ಟಿ, ಜೊತೆಗೆ ನಾನು. ಪಕ್ಕದ ಮನೆಯಲ್ಲಿ ಎಲೆಕ್ಟ್ರಿಷಿಯನ್ ಮತ್ತು ಅವನ ಹೆಂಡತಿ, ಆ ಕಡೆಯ ತುದಿಯಲ್ಲಿ ಡ್ರೈವರ್ ಮತ್ತು ಅವನ ಮುದಿ ತಾಯಿ. ಹಿಂದುಗಡೆ ಗುಡ್ಡ, ಮುಂದುಗಡೆ ಕಣಿವೆ. ಈಗ ಆ ಸಾಲು ಇಲ್ಲ.

ಮೊದಲು ಬಾಗಿಲುಗಳು ಹಿಡಿಯತೊಡಗಿದವು. ನಮ್ಮ ಅಡುಗೆಮನೆಯ ಬಾಗಿಲು ಒಂದು ಬೆಳಿಗ್ಗೆ ಹಟ ಹಿಡಿದು ನಿಂತಿತು. ಅಣ್ಣ ಉಜ್ಜುಗೊರಡು ತಂದು ಅಂಚು ಹೆರೆದ. ಸಲೀಸಾಯಿತು. ಮರುವಾರ ಎಲೆಕ್ಟ್ರಿಷಿಯನ್ ಕರೆದ, ಅವರ ಮನೆಯದನ್ನೂ ಹೆರೆದುಕೊಟ್ಟ. ಹೀಗೆ ವರ್ಷದೊಳಗೆ ಸಾಲಿನ ಎಲ್ಲ ಬಾಗಿಲುಗಳಿಗೂ ಅವನ ಕೈ ತಗುಲಿತು.

"ನಕ್ಷತ್ರ ಬಿಟ್ಟು ಬಡಗಿ ಕೆಲ್ಸ ಹಿಡ್ಕೊಳ್ರೀ, ಮರ್ಯಾದೆನಾದ್ರೂ ಇರುತ್ತೆ," ಎಂದು ಅತ್ತಿಗೆ ಕಿಚಾಯಿಸುತ್ತಿದ್ದಳು.

"ಎರಡೂ ಒಂದೇ ಕಣೇ. ಎಲ್ಲಿ ತಾಗುತ್ತೋ ಅಲ್ಲಿ ಹೆರೀಬೇಕು," ಎನ್ನುತ್ತಿದ್ದ ಅವನು.

ಅತ್ತಿಗೆಯ ಬಗ್ಗೆಯೂ ಹೇಳಬೇಕು. ಬಾಯಿ ಜೋರು, ಮನಸ್ಸು ಮೆತ್ತಗೆ. ನನ್ನ ಅವಳ ನಡುವೆ ದಿನಕ್ಕೊಂದು ಜಟಾಪಟಿ ಆಗದಿದ್ದರೆ ಊಟ ಸೇರುತ್ತಿರಲಿಲ್ಲ. ಸಾಲಿನಲ್ಲಿ ಯಾರಿಗೆ ಜ್ವರ ಬಂದರೂ ಅವಳಿಗೆ ಮೊದಲು ಗೊತ್ತಾಗುತ್ತಿತ್ತು. ಡ್ರೈವರನ ತಾಯಿಗೆ ನಡೆಯಲು ಆಗುತ್ತಿರಲಿಲ್ಲ, ಆ ಮುದುಕಿಯ ತಲೆ ಬಾಚಲು ದಿನವೂ ಹೋಗುತ್ತಿದ್ದಳು.

ಆ ಹೊತ್ತಿಗೆ ಅಣ್ಣನ ಗುಂಪು ಒಂದು ನಕ್ಷತ್ರದ ಹಿಂದೆ ಬಿದ್ದಿತ್ತು. ಅದರ ಮುಂದೆ ಏನೋ ಒಂದು ಆಗಾಗ ಹಾದುಹೋಗಿ ಬೆಳಕನ್ನು ಚೂರು ಮಂಕು ಮಾಡುತ್ತದೆ ಎಂದು ಬೇರೆಯವರು ಕಂಡುಹಿಡಿದಿದ್ದರು. ಎಷ್ಟು ಮಂಕಾಯಿತು ಎನ್ನುವುದರಿಂದ ಗ್ರಹದ ಗಾತ್ರ ಗೊತ್ತಾಗಿತ್ತು: ನಮ್ಮ ಭೂಮಿಗಿಂತ ಸ್ವಲ್ಪವೇ ದೊಡ್ಡದು. ತೂಕ ಗೊತ್ತಿರಲಿಲ್ಲ. ತೂಕ ಸಿಕ್ಕರೆ ಅದು ಕಲ್ಲೋ, ನೀರೋ, ಬರೀ ಗಾಳಿಯ ಮುದ್ದೆಯೋ ಹೇಳಬಹುದು. ಆ ತೂಕಕ್ಕಾಗಿ ಅವರು ವರ್ಷಗಟ್ಟಲೆ ಅದೇ ನಕ್ಷತ್ರವನ್ನು ನೋಡಿದರು. ಕಳೆಯಬೇಕಾದ ಕಸದಲ್ಲಿ ಒಂದು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಉಕ್ಕಿನ ಪೆಟ್ಟಿಗೆ ಕೂತ ಕಾಂಕ್ರೀಟು ಹಾಸು ನಿಧಾನವಾಗಿ ಒಂದೇ ಕಡೆಗೆ ವಾಲುತ್ತಿತ್ತು.

ಅಣ್ಣ ಹಾಸಿನ ಮೇಲೆ ವಾಲುವಿಕೆ ಅಳೆಯುವ ಪುಟ್ಟ ಡಬ್ಬಿಯೊಂದನ್ನು ಕೂರಿಸಿದ. ಮೊದಲ ವರ್ಷ ವಾಲುವಿಕೆ ನೇರ ಗೆರೆಯಂತೆ ಏರಿತು. ನೇರ ಗೆರೆಯನ್ನು ಕಳೆದ. ಮರುವರ್ಷ ಗೆರೆ ಬಾಗಿತು. ಬಾಗಿದ ಗೆರೆಯನ್ನು ಕಳೆದ. ಆಮೇಲೆ ಬಾಗು ಕಡಿದಾಗುತ್ತ ಹೋಯಿತು, ಯಾವ ಸೂತ್ರಕ್ಕೂ ಜಗ್ಗಲಿಲ್ಲ. ಕೊನೆಗೊಂದು ಸೂತ್ರ ಹೊಂದಿತು. ಅದರಲ್ಲಿ ಒಂದು ಅಂಕಿಯಿತ್ತು. ಅದಕ್ಕೆ ಅವನು ತಿರುಪು ಎನ್ನುತ್ತಿದ್ದ, ಸರಿಯಾಗಿ ಕೂರುವವರೆಗೆ ತಿರುಗಿಸಿ ಬಿಗಿ ಮಾಡುವುದು ಅಷ್ಟೇ. ಬಿಗಿ ಮಾಡಿದ ಮೇಲೆ ಚುಕ್ಕೆಗಳು ಹಿಂದೆಂದೂ ಇಲ್ಲದಷ್ಟು ಅಚ್ಚುಕಟ್ಟಾಗಿ ಕೂತವು. ವೀಕ್ಷಣಾಲಯದ ನಿರ್ದೇಶಕರು ಎಲ್ಲರ ಮುಂದೆ ಅವನ ಬೆನ್ನು ತಟ್ಟಿದರು. ನೆಲ ಎಲ್ಲಿಗೆ ಹೊರಟಿದೆ ಎಂದು ಅಷ್ಟು ಓದಿದವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳುವುದು ಅವರ ಅಭ್ಯಾಸವಲ್ಲ. ನೆಲದ್ದು ಎಂದ ಕೂಡಲೇ ಅದು ಕಸ, ಆಚೆ ಎಸೆಯಬೇಕು.

ಮುಂದಿನ ತಿಂಗಳುಗಳ ವೀಕ್ಷಣೆಗೆ ಬೇಕಾದ ತಿದ್ದುಪಡಿಗಳನ್ನು ಮುಂಚಿತವಾಗಿ ಲೆಕ್ಕ ಹಾಕಿಕೊಡಿ ಎಂದು ನಿರ್ದೇಶಕರು ಕೇಳಿದರು. ಅಣ್ಣ ಪ್ರೋಗ್ರಾಮನ್ನು ಓಡಿಸಿದ. ಒಂದು ತಾರೀಕಿನವರೆಗೆ ಅಂಕಿಗಳು ಸರಿಯಾಗಿ ಬಂದವು. ಅದರಾಚೆಗೆ ಬರೀ ಖಾಲಿ. ಎಲ್ಲೋ ತಪ್ಪಿದೆ ಎಂದು ಬೆಳಿಗ್ಗೆಯಿಂದ ಹುಡುಕಿದ. ಜೊತೆಯವರೂ ಹುಡುಕಿದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತಾಗಲೂ ಅದೇ ಮಾತು, ಅದೇ ನಗೆಚಾಟಿಕೆ. ಎಲ್ಲರೂ ಎದ್ದು ಹೋದರು, ಅವನು ಏಳಲಿಲ್ಲ. ಚಹಾ ತಣ್ಣಗಾಗಿ ಕೆನೆಗಟ್ಟಿತ್ತು.

"ಏನೋ ಆಯ್ತು ನಿಂಗೆ?" ಎಂದೆ.

"ನಮ್ಮನೆ ಬಾಗ್ಲು ಯಾವಾಗಿಂದ ಹಿಡೀತಿದೆ?"

"ಮೂರು ವರ್ಷ ಆಗಿರ್ಬೇಕು. ಯಾಕೆ?"

"ಪ್ರೋಗ್ರಾಮ್‌ನಲ್ಲಿ ತಪ್ಪಿಲ್ಲ ಕಣೇ," ಎಂದ. ದನಿ ಬಹಳ ಸಣ್ಣದಾಗಿತ್ತು. "ಆ ತಿರುಪು ಅಂತ ಹೇಳ್ತಿದ್ನಲ್ಲ, ಆ ಅಂಕಿ. ಅದು ಒಂದು ತಾರೀಕು. ವಾಲೋ ವೇಗ ಏರ್ತಾ ಏರ್ತಾ ಆವತ್ತಿಗೆ ಮಿತಿ ಮೀರುತ್ತೆ. ಅದಕ್ಕೇ ಆಚೆಗೆ ಲೆಕ್ಕ ಬರ್ತಿಲ್ಲ. ಆಚೆಗೆ ನೆಲಾನೇ ಇರಲ್ಲ."

ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು ಎಂದು ಬರೆಯುವ ಚಾಳಿ ನಮ್ಮಲ್ಲಿದೆ. ನಾನು ಇನ್ನು ಸಾಯುವವರೆಗೂ ಆ ಮಾತು ಆಡಲಾರೆ. ನನ್ನ ಕೈಯಲ್ಲಿದ್ದ ಪಾತ್ರೆ ಹಾಗೇ ಉಳಿಯಿತು, ಅಷ್ಟೇ. ಕಿಟಕಿಯಿಂದ ಕೆಳಗೆ ನೋಡಿದರೆ ಸಾಲುಮನೆಗಳ ಮುಂದೆ ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದಳು. ತಾರೀಕು ಮುಂದಿನ ತಿಂಗಳದ್ದು.

ಇಲ್ಲಿ ಅಣ್ಣನ ಹಳೆಯ ಕತೆಯೊಂದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಹಳ ಹಿಂದೆ ಅವರು ಒಂದು ಗ್ರಹ ಕಂಡೆವೆಂದು ಸಾರಿದ್ದರು. ಎರಡು ವರ್ಷದ ಮೇಲೆ ಅದು ಗ್ರಹವಲ್ಲ, ನಕ್ಷತ್ರದ ಮೈಮೇಲಿನ ಕಲೆಗಳು ಎಂದು ಗೊತ್ತಾಯಿತು. ಗೊತ್ತು ಮಾಡಿಕೊಂಡವನು ಅಣ್ಣನೇ. ದೊಡ್ಡ ಸಭೆಯಲ್ಲಿ ಎದ್ದು ನಿಂತು, ನಮ್ಮ ಗ್ರಹ ಇಲ್ಲ, ನಾವು ತಪ್ಪು ಮಾಡಿದೆವು ಎಂದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರಂತೆ. ಅವರ ಪ್ರಪಂಚದಲ್ಲಿ ಅನುಮಾನ ಬಂದ ಕೂಡಲೇ ಹೇಳಿದ್ದನ್ನು ಹಿಂದಕ್ಕೆ ತಗೊಳ್ಳುವುದು ದೊಡ್ಡತನ. ಅವನು ಅದನ್ನು ಜೀವನದ ಅತಿ ಒಳ್ಳೆಯ ದಿನ ಎಂದು ಹೇಳಿಕೊಳ್ಳುತ್ತಿದ್ದ.

ನಿರ್ದೇಶಕರು ಕೆಟ್ಟವರಲ್ಲ. ಅಣ್ಣನ ಮಾತು ಕೇಳಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಕೂತು ಮಾತಾಡಿದರು, ನಾನು ಅಲ್ಲೇ ಇದ್ದೆ.

"ಎಷ್ಟು ಗಟ್ಟಿ ಇದು?"

"ಎರಡು ವಾರ ಆಕಡೆ ಈಕಡೆ ಆಗ್ಬಹುದು, ಸರ್."

"ಒಂದೇ ಅಳತೆ ನಂಬಿ ನೀವು ಯಾವತ್ತೂ ಏನನ್ನೂ ಒಪ್ಕೊಂಡೋರಲ್ಲ."

"ಈಗ್ಲೂ ಒಪ್ಕೊಳ್ಳಲ್ಲ, ಸರ್. ಇನ್ನೊಂದು ಡಬ್ಬಿ ಇಡ್ಬೇಕು. ಕೆಳಗೆ."

ನನಗೆ ರೇಗಿತು. "ಡಬ್ಬಿ ಇಡೋದಿರ್ಲಿ, ಮೊದ್ಲು ಜನಾನ ಎಬ್ಬಿಸಿ," ಎಂದೆ. ಇಬ್ಬರೂ ನನ್ನನ್ನು ನೋಡಿ, ಇನ್ನೊಂದು ಚಹಾ ಬೇಕೇ ಎಂದು ಕೇಳಿದವಳನ್ನು ನೋಡುವ ಹಾಗೆ ನೋಡಿ, ಮತ್ತೆ ಕಾಗದದ ಕಡೆ ತಿರುಗಿದರು.

ಎರಡನೆಯ ಡಬ್ಬಿಯನ್ನು ನಮ್ಮ ಅಡುಗೆಮನೆಯಲ್ಲೇ ಕೂರಿಸಿದರು. ಗುಡ್ಡಕ್ಕೆ ಅಂಟಿಕೊಂಡ ಗೋಡೆ ಅದೇ. ಒಲೆಯ ಕಟ್ಟೆಯ ಕೆಳಗೆ ನೆಲ ಅಗೆದು ಡಬ್ಬಿ ಬಿಗಿದು, ಕೇಬಲ್ಲನ್ನು ನೆತ್ತಿಯವರೆಗೆ ಎಳೆದರು. ಬಂದ ಅಳತೆಯ ಗೆರೆಯ ತುಂಬ ಮುಳ್ಳುಗಳು. ಅತ್ತಿಗೆ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡಿದಾಗಲೆಲ್ಲ ನೆಲ ಮಿಡುಕುತ್ತಿತ್ತು, ಗೆರೆ ಮೇಲೇಳುತ್ತಿತ್ತು. ಅಣ್ಣ ಜರಡಿಗೆ ಇನ್ನೊಂದು ಕಣ್ಣು ಕೂಡಿಸಿದ: ಥಟ್ಟನೆ ಎದ್ದ ಮಿಡುಕನ್ನೆಲ್ಲ ಹೆಜ್ಜೆ ಎಂದು ತಿಳಿದು ಕಳೆದುಬಿಡು.

"ನನ್ನ ಹೆಜ್ಜೇನೂ ಬಿಡ್ಲಿಲ್ವಾ? ಅದೂ ಕಸಾನಾ?" ಎಂದಳು ಅತ್ತಿಗೆ.

"ನಿನ್ ಹೆಜ್ಜೆ ಇದ್ರೆ ನೆಲದ ಮಾತು ಕೇಳ್ಸಲ್ಲ ಮಾರಾಯ್ತಿ."

"ಮೂವತ್ತು ಹೆಜ್ಜೆ ಆಚೆ ಇರೋ ಹೆಂಡ್ತಿ ಮಾತೂ ನಿಮಗೆ ಕೇಳ್ಸಲ್ಲ ಬಿಡಿ," ಎಂದು ಅವಳು ನಕ್ಕಳು. ಬಟ್ಟೆಯ ತುಂಡೊಂದನ್ನು ತಂದು ಡಬ್ಬಿಯ ಮೇಲೆ ಹೊದಿಸಿದಳು, ಎಣ್ಣೆ ಸಿಡಿಯದಿರಲಿ ಎಂದು.

ಅಡುಗೆಮನೆಯ ಡಬ್ಬಿಯೂ ಅದೇ ಮಾತು ಹೇಳಿತು, ಅದೇ ತಾರೀಕು. ವಾಲುವುದು ಮಾತ್ರ ನೆತ್ತಿಗಿಂತ ಎಷ್ಟೋ ಪಟ್ಟು ಜಾಸ್ತಿ: ನೆತ್ತಿಯ ಕೆಳಗೆ ಬಂಡೆಯಿದೆ, ಜಾರುವುದು ಕೆಳಗಿನ ಇಳಿಜಾರು. ನಿರ್ದೇಶಕರು ಮರುದಿನವೇ ಸಾಲನ್ನು ಖಾಲಿ ಮಾಡಿಸಿದರು. ಎಲ್ಲರೂ ಹಾಸಿಗೆ, ಪಾತ್ರೆ, ಬೆಕ್ಕು ಸಮೇತ ನೆತ್ತಿಯ ಮೇಲಿನ ವರ್ಕ್‌ಶಾಪಿನ ಹಜಾರಕ್ಕೆ ಬಂದರು. ಡ್ರೈವರ್ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದ. ಆ ಎರಡು ಮೂರು ದಿನ ನನಗೆ ಎಷ್ಟು ಹಾಯೆನಿಸಿತ್ತು ಎಂದರೆ ನಾನು ಅತ್ತಿಗೆಯ ಜೊತೆ ಜಗಳವನ್ನೇ ಆಡಲಿಲ್ಲ.

ತಾರೀಕು ಬಂತು. ಎಲ್ಲರೂ ಹಜಾರದ ಕಿಟಕಿಗಳಿಗೆ ಮುಖ ಅಂಟಿಸಿ ಕೆಳಗೆ ನೋಡಿದರು. ಸಾಲು ಇದ್ದ ಹಾಗೇ ಇತ್ತು. ಮರುದಿನವೂ ಇತ್ತು. ವಾರ ಕಳೆಯಿತು. ಒಂದೇ ಹಜಾರ, ಒಂದೇ ಬಚ್ಚಲು, ನಡುವೆ ಬೆಡ್‌ಶೀಟಿನ ಪರದೆ. ಮಕ್ಕಳ ರಂಪ, ದೊಡ್ಡವರ ಗೊಣಗಾಟ. ಡ್ರೈವರ್ ಅಣ್ಣನನ್ನು ಕಂಡಾಗಲೆಲ್ಲ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಏನ್ ಸಾಹೇಬ್ರೇ, ಗುಡ್ಡ ಲೇಟಾಗಿ ಬರ್ತಿದ್ಯಾ? ನಾನು ಹೀಗೆ ಲೇಟಾದ್ರೆ ಸಂಬ್ಳ ಹಿಡೀತೀರಿ."

ಜನ ಗೊಳ್ಳೆಂದು ನಕ್ಕರು. ಅತ್ತಿಗೆ ನಗಲಿಲ್ಲ. ಗಂಡನನ್ನು ನಾಲ್ಕು ಜನರ ಮುಂದೆ ಆಡಿಕೊಂಡರೆ ಅವಳಿಗೆ ತಡೆಯುತ್ತಿರಲಿಲ್ಲ. ಆ ಹಕ್ಕು ತನ್ನೊಬ್ಬಳದು ಎಂದು ತಿಳಿದಿದ್ದಳು.

ಆಮೇಲೆ ಅಳತೆಗಳೂ ಉಲ್ಟಾ ಹೊಡೆದವು. ಸಾಲು ಖಾಲಿಯಾದ ಮೇಲಿನ ಎರಡೂ ಡಬ್ಬಿಗಳ ಅಂಕಿಗಳನ್ನು ಜರಡಿಯಲ್ಲಿ ಹಾಯಿಸಿದರೆ ವಾಲುವಿಕೆ ನಿಧಾನವಾಗಿತ್ತು. ದಿನದಿಂದ ದಿನಕ್ಕೆ ಇನ್ನೂ ನಿಧಾನ. ಸೂತ್ರ ಹೊಂದಲಿಲ್ಲ. ತಿರುಪನ್ನು ಹೇಗೆ ತಿರುಗಿಸಿದರೂ ಬಿಗಿಯಾಗಲಿಲ್ಲ. ಅಣ್ಣ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹಜಾರಕ್ಕೆ ಬಂದ. ಆ ಮುಖ ನನಗೆ ಗೊತ್ತಿತ್ತು. ಸಭೆಯಲ್ಲಿ ಎದ್ದು ನಿಂತವನ ಮುಖ ಅದು.

"ನನ್ ಲೆಕ್ಕ ತಪ್ಪಿದೆ ಅನ್ಸುತ್ತೆ," ಎಂದ. "ನೆಲ ನಿಲ್ತಾ ಇದೆ. ನಿಮಗೆಲ್ಲ ಸುಮ್ನೆ ತೊಂದ್ರೆ ಕೊಟ್ಟೆ. ಹೇಳಿದ್ದನ್ನ ವಾಪಸ್ ತಗೋತಿದೀನಿ."

ಇಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಸಿಗೆ ಸುತ್ತಿಕೊಂಡರು. ನಿರ್ದೇಶಕರು ಇನ್ನೊಂದು ವಾರ ನೋಡೋಣವೇ ಎಂದರು, ಆದರೆ ತಪ್ಪಿದೆ ಎಂದು ಲೆಕ್ಕ ಹಾಕಿದವನೇ ಹೇಳಿದ ಮೇಲೆ ಯಾರನ್ನು ಹಿಡಿದಿಡುವುದು? ಮೊಟ್ಟಮೊದಲು ಇಳಿದವಳು ಅತ್ತಿಗೆ. ಬೇಕೆಂದೇ ಮೊದಲು ಇಳಿದಳು, ಎಲ್ಲರಿಗೂ ಕಾಣುವ ಹಾಗೆ, ತಲೆ ಎತ್ತಿಕೊಂಡು.

"ನೀವು ಹೋಗ್ಬೇಡಿ ಅತ್ತಿಗೆ," ಎಂದೆ. "ಅವ್ನು ಏನ್ ಹೇಳ್ತಿದಾನೆ ಅಂತ ಅವ್ನಿಗೇ ಗೊತ್ತಿಲ್ಲ."

"ನಿಮ್ಮಣ್ಣ ಇದೆ ಅಂದಾಗ ಮೊದ್ಲು ನಂಬಿದ್ದು ನಾನು. ಇಲ್ಲ ಅಂದಾಗ್ಲೂ ನಾನೇ ಮೊದ್ಲು ನಂಬ್ಬೇಕು ತಾನೆ?" ಎಂದಳು. "ನಿಂಗೆ ಭಯ ಆದ್ರೆ ನೀನು ಇಲ್ಲೇ ಮಲ್ಕೋ. ಪುಟ್ಟಿ ಸ್ಕೂಲಿಂದ ಬಂದ್ರೆ ತಿನ್ನೋಕೆ ಕೊಡು."

ನಾನು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲೇ ಉಳಿದೆ. ಅದಕ್ಕೆ ಪುಕ್ಕಲುತನ ಎಂದರೂ ಸರಿ, ಮೊಂಡುತನ ಎಂದರೂ ಸರಿ. ಆ ದಿನಗಳಲ್ಲಿ ಸಾಲಿನ ನಲ್ಲಿಗಳಲ್ಲಿ ಕೆಂಪು ನೀರು ಬರುತ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ಪೈಪಿನ ತುಕ್ಕು ಎಂದ. ಬೆಕ್ಕು ಕೆಳಕ್ಕೆ ಇಳಿಯಲೇ ಇಲ್ಲ, ಹಜಾರದಲ್ಲೇ ಬಿದ್ದುಕೊಂಡಿತ್ತು. ಅದು ಹಜಾರದ ಇಲಿಗಳ ರುಚಿ ಕಂಡಿದೆ ಎಂದು ನಕ್ಕರು.

ಒಂದು ಮಧ್ಯಾಹ್ನ, ಊಟದ ಗಲಾಟೆ ಮುಗಿದಿತ್ತು. ಪುಟ್ಟಿ ನನ್ನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು. ಅಣ್ಣ ಬಾಗಿಲು ತಳ್ಳಿಕೊಂಡು ಬಂದ. ಗ್ರಹದ ತೂಕದ ಕೊನೆಯ ಲೆಕ್ಕಕ್ಕೆ ಎರಡೂ ಡಬ್ಬಿಗಳ ಹಸಿ ಅಳತೆಯನ್ನು, ಎಂದರೆ ಜರಡಿಗೆ ಹಾಕುವ ಮುಂಚಿನದನ್ನು, ತೆಗೆದು ನೋಡಿದ್ದನಂತೆ.

"ಮನೆ ಖಾಲಿ ಇದ್ದಾಗ ಅಡುಗೆಮನೇಲಿ ಯಾರಾದ್ರೂ ಓಡಾಡಿದ್ರಾ?"

"ಯಾರ್ ಓಡಾಡ್ತಾರೆ? ಬೀಗ ಹಾಕಿತ್ತು."

"ಹೆಜ್ಜೆ ಇದೆ ಕಣೇ. ದಿನಾ ಇದೆ. ದಿನಾ ಜಾಸ್ತಿ ಆಗಿದೆ."

ಹೇಳುತ್ತ ಹೇಳುತ್ತಲೇ ಅವನಿಗೆ ಪೂರ್ತಿ ಹೊಳೆಯಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಅವು ಯಾರ ಹೆಜ್ಜೆಯೂ ಅಲ್ಲ. ಒಳಗೆ ಗುಡ್ಡ ಬಿರಿಯುತ್ತಿದ್ದ ಮಿಡುಕುಗಳು. ಹೆಜ್ಜೆ ಎತ್ತಿದರೆ ನೆಲ ಮೊದಲಿದ್ದಲ್ಲಿಗೆ ಬರುತ್ತದೆ, ಇವುಗಳಲ್ಲಿ ನೆಲ ಒಮ್ಮೆಯೂ ವಾಪಸ್ ಬಂದಿರಲಿಲ್ಲ. ಪ್ರತಿ ಮಿಡುಕಿಗೂ ಇನ್ನಷ್ಟು ವಾಲಿತ್ತು. ಜರಡಿ ಅವನ್ನೆಲ್ಲ ಅತ್ತಿಗೆಯ ಓಡಾಟ ಎಂದು ತಿಳಿದು ಒಂದೊಂದಾಗಿ ಕಳೆದುಹಾಕಿತ್ತು. ಮನೆ ಬಿಟ್ಟು ಬಂದಾಗ ಅವನು ಬೀಗ ಹಾಕುವುದನ್ನು ಮರೆಯಲಿಲ್ಲ, ಜರಡಿಯ ಆ ಕಣ್ಣನ್ನು ಮುಚ್ಚುವುದನ್ನು ಮರೆತಿದ್ದ. ನೆಲ ನಿಲ್ಲುತ್ತಿರಲಿಲ್ಲ. ಓಡುತ್ತಿತ್ತು.

ಫೋನು ಹಚ್ಚಿಕೊಟ್ಟವಳು ನಾನು. ಅತ್ತಿಗೆ ತಕ್ಷಣ ಎತ್ತಿದಳು.

"ಈಗ್ಲೇ ಹೊರಡು," ಎಂದ ಅಣ್ಣ. "ಚಪ್ಪಲಿ ಕೂಡ ಹಾಕೋಬೇಡ. ಮೇಲೆ ಬಾ."

"ಏನಾಯ್ತು ರೀ?"

"ನನ್ ಮೊದಲ್ನೇ ಲೆಕ್ಕಾನೇ ಸರಿ. ಬಾ ಮಾರಾಯ್ತಿ, ನಿನ್ ಕಾಲು ಹಿಡ್ಕೋತೀನಿ."

ಅವಳ ದನಿ ನನಗೂ ಕೇಳಿಸಿತು, ಮನೆಗೆಲಸ ಹಂಚುವಾಗಿನ ದನಿ.

"ಆಯ್ತು. ಸಾಲಿನೋರಿಗೆ ಹೇಳಿ ಬರ್ತೀನಿ. ನೀವು ಫೋನ್ ಮಾಡಿದ್ರೆ ಈಗ ಒಬ್ರೂ ನಂಬಲ್ಲ. ನಾನೇ ಹೋಗ್ಬೇಕು."

"ಬೇಡ, ನೀನು ಮೊದ್ಲು," ಎನ್ನುವಷ್ಟರಲ್ಲಿ ಅವಳು ಫೋನು ಇಟ್ಟಿದ್ದಳು.

ಅಣ್ಣ ಓಡಿದ. ನಾನು ಪುಟ್ಟಿಯನ್ನು ಅವುಚಿಕೊಂಡು ಹೊರಗೆ ಬಂದೆ. ಮೇಲಿನಿಂದ ಎಲ್ಲ ಕಾಣುತ್ತಿತ್ತು. ಅತ್ತಿಗೆ ಬರಿಗಾಲಿನಲ್ಲಿ ಬಾಗಿಲಿಂದ ಬಾಗಿಲಿಗೆ ಹೋಗಿ ಬಡಿಯುತ್ತಿದ್ದಳು. ಜನ ಒಬ್ಬೊಬ್ಬರಾಗಿ ಹೊರಗೆ ಬಂದು ರಸ್ತೆಗೆ ಏರತೊಡಗಿದರು. ಅವಳು ಹೇಳಿದ್ದಕ್ಕೆ ಬಂದರು, ಇನ್ಯಾರು ಹೇಳಿದ್ದರೂ ಬರುತ್ತಿರಲಿಲ್ಲ. ಆ ತುದಿಯಲ್ಲಿ ಡ್ರೈವರನ ತಾಯಿಯನ್ನು ಎಬ್ಬಿಸಿ, ಹೊಸಿಲವರೆಗೆ ಎತ್ತಿ ತಂದು, ಮಗನ ಬೆನ್ನಿಗೆ ಏರಿಸಿದಳು. ಅವನು ರಸ್ತೆ ಹಿಡಿದ. ಅವಳೂ ಹಿಂದೆಯೇ ಬಂದಳು. ನಾನು ಉಸಿರು ಬಿಟ್ಟೆ. ಆಗ ಅವಳು ನಿಂತು, ತಿರುಗಿ, ಮತ್ತೆ ನಮ್ಮ ಮನೆಯ ಕಡೆಗೆ ಓಡಿದಳು.

ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಗಂಡಹೆಂಡಿರು ಬಾಗಿಲು ತೆಗೆದಿರಲಿಲ್ಲ. ಅವರನ್ನು ಇನ್ನೊಮ್ಮೆ ಕರೆಯಲು ಹೋದಳು ಎನ್ನುತ್ತಾರೆ ಕೆಲವರು. ಒಲೆ ಉರಿಯುತ್ತಿತ್ತು, ಆರಿಸಲು ಹೋಗಿರಬೇಕು ಎನ್ನುತ್ತಾನೆ ಡ್ರೈವರ್. ಎರಡು ಮನೆಗಳಿಗೂ ಅಂಟಿಕೊಂಡಂತೆ ಒಂದೇ ಗೋಡೆ, ಅವಳು ಯಾವ ಬಾಗಿಲಿಗೆ ಹೋದಳು ಎಂದು ಮೇಲಿನಿಂದ ನನಗೆ ಕಾಣಲಿಲ್ಲ. ಸದ್ದು ಮೊದಲು ಬರಲಿಲ್ಲ. ಮೊದಲು ಮರಗಳು ನಿಂತ ನಿಲುವಿನಲ್ಲೇ ಕೆಳಗೆ ನಡೆದವು. ಆಮೇಲೆ ಸದ್ದು ಬಂತು. ಪುಟ್ಟಿಯ ಮುಖವನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಧೂಳು ಇಳಿದಾಗ ಅಲ್ಲಿ ಸಾಲೂ ಇರಲಿಲ್ಲ, ಅಂಗಳವೂ ಇರಲಿಲ್ಲ. ಅಣ್ಣ ರಸ್ತೆಯ ತುಂಡಾದ ಅಂಚಿನಲ್ಲಿ ನಿಂತಿದ್ದ. ಇಬ್ಬರು ಅವನ ತೋಳು ಹಿಡಿದಿದ್ದರು.

ಇನ್ನೊಂದು ಹೇಳಬೇಕು. ಸಂಜೆಯಾಯಿತು. ಎಲ್ಲರೂ ಕೆಳಗೆ ಮಣ್ಣು ಅಗೆಯುತ್ತಿದ್ದರು. ದೂರದರ್ಶಕಕ್ಕೆ ನಿಲ್ಲು ಎಂದು ಹೇಳಬೇಕೆಂದು ಒಬ್ಬರಿಗೂ ನೆನಪಾಗಲಿಲ್ಲ. ನೆತ್ತಿಯ ಮೇಲೆ ಗುಮ್ಮಟ ತನ್ನ ಪಾಡಿಗೆ ತಾನೇ ತೆರೆದುಕೊಂಡಿತು, ಮೆಲ್ಲಗೆ ತಿರುಗಿ ಆ ನಕ್ಷತ್ರವನ್ನು ಹುಡುಕಿಕೊಂಡಿತು.

ಗ್ರಹದ ತೂಕ ಸಿಕ್ಕಿತು. ಅದು ಕಲ್ಲಿನದಂತೆ, ನಮ್ಮದರ ಹಾಗೆಯೇ ಕಾಲಿಡಬಹುದಾದ ಗಟ್ಟಿ ನೆಲ ಇರುವುದಂತೆ. ಲೇಖನದಲ್ಲಿ ಅಣ್ಣನ ಹೆಸರು ಮೊದಲು ಹಾಕಿದ್ದಾರೆ. ಅವನು ಅದನ್ನು ತೆರೆದೂ ನೋಡಿಲ್ಲ. ನಾವೀಗ ಬೇರೆ ಕಡೆ ಇದ್ದೇವೆ, ಸಪಾಟು ಜಾಗದಲ್ಲಿ. ಪುಟ್ಟಿಯ ಜಡೆ ನಾನು ಹಾಕುತ್ತೇನೆ, ಸರಿ ಬರುವುದಿಲ್ಲ ಎಂದು ಅಳುತ್ತಾಳೆ. ಅಣ್ಣನ ಮೇಲೆ ನನಗೆ ಸಿಟ್ಟಿದೆಯೇ ಎಂದು ಕೇಳಿದರೆ, ಇದೆ. ಅವನಿಗೆ ಊಟ ಬಡಿಸುವಾಗಲೂ ಇದೆ. ಅವನು ಉಣ್ಣದೆ ಎದ್ದರೆ ಅಳು ಬರುತ್ತದೆ, ಅದೂ ಇದೆ.

ಹೋದ ತಿಂಗಳು ನಿರ್ದೇಶಕರು ಮನೆಗೆ ಬಂದಿದ್ದರು. ಆ ಸಂಜೆ ಗುಮ್ಮಟ ತಾನಾಗಿ ಹಿಡಿದ ಬೆಳಕು ಬಹಳ ಒಳ್ಳೆಯದಿದೆ, ಅದೊಂದನ್ನು ಸೇರಿಸಿದರೆ ತೂಕ ಇನ್ನೂ ಖಚಿತವಾಗುತ್ತದೆ ಎಂದರು. ಆವತ್ತಿನ ವಾಲುವಿಕೆಯನ್ನು ಕಳೆಯಬೇಕು, ಅದಕ್ಕೆ ಅಡುಗೆಮನೆಯ ಡಬ್ಬಿ ಕೇಬಲ್ ಹರಿಯುವ ತನಕ ಕಳಿಸಿದ ಅಳತೆ ಶುದ್ಧವಾಗಬೇಕು. ಕೇಳಲು ಅವರಿಗೂ ಸಂಕಟವೇ, ಲೋಟ ಕೈಯಲ್ಲಿ ಹಿಡಿದು ತಿರುಗಿಸುತ್ತಲೇ ಇದ್ದರು. ಅಣ್ಣ ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಅವರ ಮುಂದೆ ತೆರೆದಿಟ್ಟ. ಫೋನು ಇಟ್ಟ ಗಳಿಗೆಯಿಂದ ಕೊನೆಯವರೆಗಿನ ಗೆರೆ ಅದರಲ್ಲಿತ್ತು, ಮೈತುಂಬ ಮುಳ್ಳುಗಳು, ಒಂದು ವಾಪಸ್ ಇಳಿಯಿತೋ ಇಲ್ಲವೋ ತಿಳಿಯುವ ಮುಂಚೆಯೇ ಅದರ ಮೇಲೊಂದು.

"ದಿನಾ ಕೂತು ನೋಡ್ತೀನಿ, ಸರ್," ಎಂದ. "ಅವಳು ಮನೆಯೊಳಗೆ ಬಂದ್ಳೋ, ಪಕ್ಕದ ಬಾಗಿಲಿಗೆ ಹೋದ್ಳೋ ಇದ್ರಲ್ಲೇ ಇರ್ಬೇಕು. ಆದ್ರೆ ಯಾವುದು ನೆಲದ್ದು, ಯಾವುದು ಅವಳ ಹೆಜ್ಜೆ ಅಂತ ನಂಗೆ ಗೊತ್ತಾಗ್ತಿಲ್ಲ."